ನೀರಿನ ಅಳತೆಗೂ ಪರವಾನಗಿಯಲ್ಲಿ ಒಂದು ಸಾಲಿರಲಿ

ಮಾನ್ಯರೆ,

ಮನೆ ಕಟ್ಟಿಸುವವರು ಸಿಮೆಂಟಿನ ಬ್ರಾಂಡ್, ಕಂಬಿಯ ದಪ್ಪ, ಎಂ-ಸ್ಯಾಂಡ್‌ನ ಗುಣಮಟ್ಟ ಎಲ್ಲವನ್ನೂ ವಿಚಾರಿಸುತ್ತಾರೆ. ಮಿಕ್ಸರ್‌ಗೆ ಎಷ್ಟು ನೀರು ಬೀಳುತ್ತಿದೆ ಎಂದು ಕೇಳುವವರು ವಿರಳ. ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಿರುಸಾಗಿದೆ ಎಂದು ಮೇಲಿನಿಂದ ಕೂಗು ಬಂದರೆ ಪೈಪು ಹಿಡಿದವನು ಅಂದಾಜಿನಲ್ಲಿ ಇನ್ನಷ್ಟು ನೀರು ಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಚಾವಣಿಯ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ, ಸೆಂಟ್ರಿಂಗ್ ಹಲಗೆಗಳ ಸಂದಿಯಿಂದ ಸಿಮೆಂಟಿನ ತಿಳಿ ಕೆಳಗೆ ತೊಟ್ಟಿಕ್ಕುತ್ತದೆ.

ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಆ ಕೂಡಿಕೆಗೆ ಸಿಮೆಂಟಿನ ತೂಕದ ಕಾಲು ಭಾಗದಷ್ಟು ನೀರು ಸಾಕು. ಅದರಿಂದ ಹುಟ್ಟುವ ಅಂಟಿನ ಒಳರಂಧ್ರಗಳು ಹಿಡಿದಿಟ್ಟುಕೊಳ್ಳುವ ನೀರನ್ನು ಸೇರಿಸಿದರೂ 50 ಕಿಲೋ ಮೂಟೆಗೆ ಸುಮಾರು 20 ಲೀಟರ್. ಅದಕ್ಕಿಂತ ಹೆಚ್ಚಿನದು ಕಲಸಲು, ತುಂಬಲು ಅನುಕೂಲವಷ್ಟೇ. ಕೆಲಸ ಮುಗಿದ ಮೇಲೆ ಅದು ಆವಿಯಾಗಿ, ತಾನಿದ್ದ ಜಾಗದಲ್ಲಿ ಒಂದಕ್ಕೊಂದು ಕೂಡಿಕೊಂಡ ಸೂಕ್ಷ್ಮ ನಾಳಗಳನ್ನು ಬಿಡುತ್ತದೆ. ನೀರು ಹೆಚ್ಚಿದಂತೆ ಬಲ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ಕಾಂಕ್ರೀಟ್ ತಜ್ಞ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದ್ದರು. ನನ್ನ ಆತಂಕ ಬಲಕ್ಕಿಂತ ಬಾಳಿಕೆಯದು. ಗಾಳಿಯ ಇಂಗಾಲದ ಡೈಆಕ್ಸೈಡ್, ಕಡಲ ಗಾಳಿಯ ಉಪ್ಪು ಈ ನಾಳಗಳ ಮೂಲಕವೇ ಕಂಬಿಯನ್ನು ಮುಟ್ಟುತ್ತವೆ. ಕಂಬಿ ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟನ್ನು ಸೀಳಿ ಉದುರಿಸುತ್ತದೆ. ಕರಾವಳಿಯ ಹಳೆಯ ಸಜ್ಜಾಗಳ ಅಡಿಭಾಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಭಾರತೀಯ ಮಾನಕ ಐಎಸ್ 456:2000 ಪ್ರಕಾರ, ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ನೀರು-ಸಿಮೆಂಟ್ ಅನುಪಾತ (ನೀರಿನ ತೂಕವನ್ನು ಸಿಮೆಂಟಿನ ತೂಕದಿಂದ ಭಾಗಿಸಿದ್ದು) ಸೌಮ್ಯ ಪರಿಸರದಲ್ಲಿ 0.55 ಮೀರಬಾರದು; ಕಡಲ ಗಾಳಿಗೆ ಒಡ್ಡಿಕೊಂಡಲ್ಲಿ ಮಿತಿ 0.45, ಕಾಂಕ್ರೀಟಿನ ಬಲದ ದರ್ಜೆ ಕನಿಷ್ಠ ಎಂ30 (ಅಂಕಿ ಹೆಚ್ಚಿದಷ್ಟು ಬಲ ಹೆಚ್ಚು). ಅಂದರೆ ಮಂಗಳೂರು, ಕುಂದಾಪುರ, ಕಾರವಾರಗಳಲ್ಲಿ ಮೂಟೆಗೆ 22.5 ಲೀಟರ್. ಆದರೆ ಬಹುತೇಕ ಮೇಸ್ತ್ರಿಗಳಿಗೆ ಗೊತ್ತಿರುವುದು ಎಂ20ರ ನಾಮಿನಲ್ ಮಿಶ್ರಣ, ಅಂದರೆ ಪರೀಕ್ಷೆಯಿಂದ ವಿನ್ಯಾಸಗೊಳಿಸದೆ ನಿಗದಿತ ಪ್ರಮಾಣದಲ್ಲಿ ಕಲಸುವ ಕಾಂಕ್ರೀಟ್. ಅದಕ್ಕೆ ಅದೇ ಮಾನಕ 30 ಲೀಟರಿನವರೆಗೆ ಬಿಡುತ್ತದೆ. ಇಷ್ಟೂ ಸಾಲದೆಂಬಂತೆ ಮಳೆಗಾಲದ ಮರಳು ಬೇರೆ: ಒಂದು ಮೂಟೆಗೆ ಬೀಳುವ 80 ಕಿಲೋ ಮರಳಿನಲ್ಲಿ ಶೇ 5ರಷ್ಟು ತೇವವಿದ್ದರೆ 4 ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಒಳಸೇರುತ್ತದೆ.

ಕಾಂಕ್ರೀಟ್ ಸಲೀಸಾಗಿ ಹರಿಯಬೇಕಿದ್ದರೆ ನೀರು ಹೆಚ್ಚಿಸದೆ ಸಡಿಲಗೊಳಿಸುವ ರಾಸಾಯನಿಕ ಪ್ಲಾಸ್ಟಿಸೈಸರ್ ಇದೆ, ಅದುರಿಸಿ ಕೂರಿಸುವ ವೈಬ್ರೇಟರ್ ಇದೆ. ನೀರಿನ ಧಾರಾಳತನ ತೋರಬೇಕಾದದ್ದು ಮೋಲ್ಡ್ ಹಾಕಿದ ನಂತರದ ಕ್ಯೂರಿಂಗ್‌ನಲ್ಲಿ; ವಿಚಿತ್ರವೆಂದರೆ ನಮ್ಮ ಜಿಪುಣತನವೂ ಅಲ್ಲೇ. ಈಗ ಎಲ್ಲೆಡೆ ಬಳಕೆಯಲ್ಲಿರುವ ಪಿಪಿಸಿ (ಹಾರುಬೂದಿಯಂಥ ಪೊಜೊಲಾನಾ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು.

ಕರಾವಳಿಯ ನಗರಸಭೆ, ಪಂಚಾಯಿತಿಗಳು ಕಟ್ಟಡ ಪರವಾನಗಿಯ ಷರತ್ತುಗಳಲ್ಲಿ ಮೂಟೆಗೆ 22.5 ಲೀಟರ್ ಎಂಬ ಮಿತಿಯನ್ನು, ಮರಳಿನ ತೇವವೂ ಅದರಲ್ಲೇ ಸೇರಿದೆ ಎಂಬ ಸೂಚನೆಯೊಡನೆ, ಕನ್ನಡದಲ್ಲಿ ಮುದ್ರಿಸಲಿ. ಮಿಕ್ಸರ್ ಬಳಿ ಪೈಪಿನ ಬದಲು ಗುರುತು ಹಾಕಿದ ಬಕೆಟ್ ಇರಬೇಕೆಂಬುದನ್ನೂ ಅದರೊಂದಿಗೆ ಸೇರಿಸಲಿ.

ನಿವೃತ್ತ ಸಿವಿಲ್ ಎಂಜಿನಿಯರ್, ಕುಂದಾಪುರ