ಮೇವಿನ ಬಿಲ್ಲುಗಳ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಮೇವು ಹಗರಣದ ಪ್ರಸ್ತಾಪ ಬಂದ ಕೂಡಲೇ "ಎಲ್ಲರೂ ತಿನ್ನುವವರೇ, ಬಿಡು" ಎಂದು ನೀನು ಮಾತು ಮುಗಿಸಿಬಿಟ್ಟೆ. ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ಲುಗಳನ್ನು ಪರಿಶೀಲಿಸಿ ನಿವೃತ್ತನಾದ ನನಗೆ ಅದನ್ನು ಹಾಗೆ ಬಿಡಲಾಗುತ್ತಿಲ್ಲ.

ಒಂದು ಬಿಲ್ಲು ಹಣವಾಗಬೇಕಾದರೆ ಇಲಾಖೆಯ ಅಧಿಕಾರಿ ಸಹಿ ಹಾಕಬೇಕು, ಆ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಆ ಬಗೆಯ ಖರ್ಚಿಗೆಂದು ಬಜೆಟ್ಟಿನಲ್ಲಿ ತೆಗೆದಿಟ್ಟ ಲೆಕ್ಕದಲ್ಲಿ, ಅನುದಾನ ಉಳಿದಿರಬೇಕು, ಖಜಾನೆಯವರು ತಾಳೆ ನೋಡಿ ಪಾಸು ಮಾಡಬೇಕು, ಆಮೇಲೆ ವೋಚರುಗಳು ಸರ್ಕಾರದ ಲೆಕ್ಕಪತ್ರ ನೋಡುವ ಮಹಾಲೇಖಪಾಲರ ಕಚೇರಿಗೆ ಹೋಗಬೇಕು. ಬಿಹಾರದ ಪಶುಸಂಗೋಪನಾ ಇಲಾಖೆಯ ಹೆಸರಿನಲ್ಲಿ ಸುಮಾರು 950 ಕೋಟಿ ರೂಪಾಯಿ ಹೊರಹೋದದ್ದು ಈ ಬಾಗಿಲುಗಳನ್ನು ದಾಟಿಕೊಂಡೇ. ಇಲ್ಲದ ಮೇವಿಗೆ, ಕೊಳ್ಳದ ಔಷಧಕ್ಕೆ ಬಿಲ್ಲು ಬರೆದರು. ದನಗಳನ್ನು ಸಾಗಿಸಿದವೆಂದು ತೋರಿಸಿದ ವಾಹನಗಳ ನೋಂದಣಿ ಸಂಖ್ಯೆಗಳನ್ನು ಲೆಕ್ಕಪರಿಶೋಧಕರು ಹುಡುಕಿಸಿದಾಗ ಕೆಲವು ಸ್ಕೂಟರುಗಳದ್ದಾಗಿದ್ದವು. ಅಂಥ ಬಿಲ್ಲು ನನ್ನ ಮೇಜಿಗೆ ಬಂದಿದ್ದರೆ ಅದು ಸ್ಕೂಟರಿನ ಸಂಖ್ಯೆಯೆಂದು ನನಗೂ ತಿಳಿಯುತ್ತಿರಲಿಲ್ಲ. ಆದರೆ ಅನುದಾನ ಮೀರಿದ ಮೊತ್ತ ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರುವುದು ಸಾಧ್ಯವೇ ಇಲ್ಲ. ಕಂಡವರು ಸುಮ್ಮನಿದ್ದರು, ಏಕೆಂದರೆ ಮೇಲಿನವರ ನೆರಳು ಅವರ ತಲೆಯ ಮೇಲಿತ್ತು.

ಆಗಿನ ಮುಖ್ಯಮಂತ್ರಿ ಲಾಲು ಪ್ರಸಾದ್ ಹಣಕಾಸು ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದರು. ಹಿಂದುಳಿದವರಿಗೆ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟವರೆಂದು ನಾವಿಬ್ಬರೂ ಮೆಚ್ಚಿಕೊಂಡಿದ್ದ ನಾಯಕರು ಅವರು. ನನ್ನ ನೋವು ಇರುವುದೂ ಅಲ್ಲಿಯೇ. 1997ರಲ್ಲಿ ರಾಜೀನಾಮೆ ಕೊಟ್ಟು ಪತ್ನಿ ರಾಬ್ರಿ ದೇವಿಯವರನ್ನು ಆ ಕುರ್ಚಿಯಲ್ಲಿ ಕೂರಿಸಿದರು, ಪ್ರಕರಣಗಳು ನಡೆಯುತ್ತಿರುವಾಗಲೇ 2004ರಿಂದ 2009ರವರೆಗೆ ದೇಶದ ರೈಲ್ವೆ ಮಂತ್ರಿಯಾಗಿದ್ದರು. ಆಗ ಬಿಹಾರದಲ್ಲಿದ್ದು ಈಗ ಜಾರ್ಖಂಡಿಗೆ ಸೇರಿರುವ ಚೈಬಾಸಾ ಊರಿನ ಖಜಾನೆಯ 37.7 ಕೋಟಿ ರೂಪಾಯಿಯ ಪ್ರಕರಣದಲ್ಲಿ ರಾಂಚಿಯ ಸಿಬಿಐ ನ್ಯಾಯಾಲಯ ಅವರಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿದ್ದು 2013ರ ಅಕ್ಟೋಬರಿನಲ್ಲಿ. ಅವರಿಗಿಂತ ಮೊದಲು ಮುಖ್ಯಮಂತ್ರಿಯಾಗಿದ್ದ ಜಗನ್ನಾಥ ಮಿಶ್ರಾ ಕೂಡ ಅದೇ ಪ್ರಕರಣದಲ್ಲಿ ಅಪರಾಧಿಯಾದರು. ಹಗರಣ ಬಯಲಾಗಿ ಆಗ ಹದಿನೇಳು ವರ್ಷ ಕಳೆದಿತ್ತು. ಆ ಹಣದಿಂದ ಸಾಕಬೇಕಿದ್ದ ದನಗಳ ಆಯುಷ್ಯವೂ ಅಷ್ಟಿರುವುದು ಅಪರೂಪ.

ಹಾಗಿದ್ದರೂ "ಎಲ್ಲರೂ" ಎನ್ನಲು ನನಗೆ ಬಾಯಿ ಬರುವುದಿಲ್ಲ. 1996ರ ಜನವರಿಯಲ್ಲಿ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯ ಅಧಿಕಾರಿ ಅಮಿತ್ ಖರೆ ಖಜಾನೆಯಿಂದ ಹೋಗುತ್ತಿದ್ದ ಹಣದ ಲೆಕ್ಕ ತರಿಸಿ ನೋಡಿ, ಚೈಬಾಸಾದ ಪಶುಸಂಗೋಪನಾ ಕಚೇರಿಗಳ ಮೇಲೆ ದಾಳಿ ನಡೆಸದಿದ್ದರೆ ಆ ಬಿಲ್ಲುಗಳು ಇನ್ನಷ್ಟು ವರ್ಷ ಪಾಸಾಗುತ್ತಲೇ ಇರುತ್ತಿದ್ದವು. ನೀನು ಬಿಡು ಎಂದದ್ದು ಅವರನ್ನೂ ಸೇರಿಸಿ. ಅನುದಾನವಿಲ್ಲವೆಂದು ಆಕ್ಷೇಪಣೆ ಬರೆದು ಬಿಲ್ಲು ಹಿಂದಿರುಗಿಸಿ, ಅದಕ್ಕಾಗಿ ವರ್ಗಾವಣೆ ಉಂಡ ನನ್ನ ಜೊತೆಗಾರರನ್ನೂ ಸೇರಿಸಿ.

ಮುಂದಿನ ತಿಂಗಳು ಊರಿಗೆ ಬಂದಾಗ ಉಳಿದದ್ದನ್ನು ಮಾತಾಡೋಣ.

ನಿನ್ನ ಗೆಳೆಯ