ದನ ಮೇಯದ ಗೋಮಾಳ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಮಳೆಯ ಸುದ್ದಿ, ಅಡಿಕೆಗೆ ಕೊಳೆ ಬಿದ್ದ ಸುದ್ದಿ ಎಲ್ಲ ಓದಿದೆ. ಕೊನೆಯ ಎರಡು ಸಾಲಿಗೆ ಬಂದಾಗ ಮಾತ್ರ ಕಾಫಿ ಆರಿಹೋಯಿತು. “ರಿಗ್ ಮಾರಿಬಿಡ್ತೀನಿ ಮಾರಾಯ. ಇನ್ನು ಹತ್ತು ವರ್ಷಕ್ಕೆ ನಮ್ಮ ಬ್ಯಾಂಡೆಲ್ಲ ಮೊಬೈಲ್ ಕಂಪನಿಯವರ ಪಾಲು. ಆಮೇಲೆ ಇದನ್ನ ಮೂಸಿ ನೋಡೋರು ಯಾರು?” ಅಂತ ಬರೆದಿದ್ದೀಯ.

ರಿಗ್ ಅಂದರೆ ನಿನ್ನದೇ ರೇಡಿಯೋ ಸೆಟ್ಟು, ಮಾರೋದು ಬಿಡೋದು ನಿನ್ನಿಷ್ಟ. ಲೈಸೆನ್ಸ್ ಇರುವವನಿಗೇ ಮಾರು, ಅಷ್ಟೆ. ಆದರೆ ನಮ್ಮಂಥ ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ, ಬಿಟ್ಟುಕೊಟ್ಟ ತರಂಗಗಳ ಬ್ಯಾಂಡನ್ನೆಲ್ಲ ಮೊಬೈಲಿನವರು ನುಂಗ್ತಾರೆ ಅನ್ನೋ ಕಾರಣ ನನಗೆ ಒಪ್ಪಿಗೆಯಿಲ್ಲ. ಕಳ್ಳ ಬರುತ್ತಿರೋದು ಹಿತ್ತಲಿಂದ. ನೀನು ಮುಂಬಾಗಿಲಿಗೆ ಅಗಳಿ ಹಾಕಿ ಕೂತಿದ್ದೀಯ.

ನಿಮ್ಮೂರ ಶಾಲೆ ಹಿಂದಿನ ಗೋಮಾಳ ನೆನಪಿದೆಯಾ? ನಾವು ಚಿಕ್ಕವರಿದ್ದಾಗ ಊರಿನ ದನವೆಲ್ಲ ಅಲ್ಲೇ. ಬೇಲಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಕೊಟ್ಟಿಗೆಗಳು ಖಾಲಿಯಾದವು. ಒಬ್ಬ ಅಂಚಲ್ಲಿ ನಾಲ್ಕು ಅಕೇಶಿಯಾ ನೆಟ್ಟ. ಇನ್ನೊಬ್ಬ ಒಂದು ವರ್ಷಕ್ಕೆ ಅಂತ ಶುಂಠಿ ಹಾಕಿದ. ಈಗಲೂ ಪಹಣಿಯಲ್ಲಿ ಗೋಮಾಳ ಅಂತಲೇ ಇದೆ. ಹೋಗಿ ನೋಡಿದರೆ ಅಡಿಕೆ ತೋಟ.

ಹ್ಯಾಮ್‌ಗಳಿಗೆ ಮೊದಲು ಸಿಕ್ಕಿದ್ದೂ ಇಂಥ ಬೀಳು ಭೂಮಿಯೇ. 1912ರಲ್ಲಿ ಅಮೆರಿಕದವರು ಕಾನೂನು ಮಾಡಿ ಹವ್ಯಾಸಿಗಳನ್ನು 200 ಮೀಟರ್ ತರಂಗಾಂತರಕ್ಕೆ, ಅದಕ್ಕಿಂತ ಕೆಳಕ್ಕೆ ತಳ್ಳಿದರು. ಆಗ ದೂರ ಹೋಗಬೇಕಾದರೆ ಉದ್ದ ತರಂಗವೇ ಬೇಕು ಅಂತ ನಂಬಿಕೆ. ಗಿಡ್ಡ ತರಂಗ ಯಾರಿಗೂ ಬೇಡದ್ದು. ಇಟ್ಟುಕೊಳ್ಳಿ, ಆಡಿಕೊಳ್ಳಿ ಅಂದರು. ಇವರು ಸುಮ್ನೆ ಕೂರಲಿಲ್ಲ. 1923ರ ನವೆಂಬರಿನಲ್ಲಿ ಅಮೆರಿಕದ ಫ್ರೆಡ್ ಷ್ನೆಲ್ ಮತ್ತು ಫ್ರಾನ್ಸಿನ ಲಿಯೋನ್ ಡೆಲ್ವಾ 110 ಮೀಟರಿನ ಆಸುಪಾಸಿನಲ್ಲಿ ಅಟ್ಲಾಂಟಿಕ್ ಸಾಗರದಾಚೆ ಈಚೆ ಮಾತಾಡಿದರು. ಬೀಳು ಅಂದುಕೊಂಡಿದ್ದು ನೀರಾವರಿ ಗದ್ದೆ ಅಂತ ಗೊತ್ತಾಯಿತು. ಗೊತ್ತಾದ ಮೇಲೆ ಕೇಳಬೇಕಾ? ಎಲ್ಲರೂ ನೇಗಿಲು ಹೊತ್ತು ಬಂದರು. 1927ರಲ್ಲಿ ದೇಶಗಳು ಕೂತು ತರಂಗ ಹಂಚಿಕೊಂಡ ವಾಷಿಂಗ್ಟನ್ ಸಮ್ಮೇಳನದ ಹೊತ್ತಿಗೆ ಹ್ಯಾಮ್‌ಗಳ ಪಾಲಿಗೆ ಉಳಿದಿದ್ದು ಸಣ್ಣ ಸಣ್ಣ ತುಂಡು. 80, 40, 20 ಮೀಟರ್ ಅಂತ ನಾವು ಇವತ್ತಿಗೂ ಕರೆಯೋದು ಆ ತುಂಡುಗಳನ್ನೇ.

ಮೊಬೈಲ್ ಕಂಪನಿಯವರ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ ಅಂದರೆ 7.000 ರಿಂದ 7.200 ಮೆಗಾಹರ್ಟ್ಜ್. ಅಗಲ ಬರೀ 200 ಕಿಲೋಹರ್ಟ್ಜ್. ಒಂದು 5ಜಿ ಚಾನೆಲ್ಲು 100 ಮೆಗಾಹರ್ಟ್ಜ್ ತಿನ್ನಬಲ್ಲದು. ನಮ್ಮ 40 ಮೀಟರ್‌ನಂಥ ಐನೂರು ಬ್ಯಾಂಡ್ ಒಟ್ಟು ಹಾಕಿದರೆ ಅವರದೊಂದು ಚಾನೆಲ್ಲು. ಅದೂ ಅಲ್ಲದೆ 7 ಮೆಗಾಹರ್ಟ್ಜ್‌ಗೆ ಕಾಲು ತರಂಗದ ಆಂಟೆನಾ ಕಡ್ಡಿಯೇ ಹತ್ತು ಮೀಟರ್ ಉದ್ದ. ಜೇಬಲ್ಲಿ ಇಟ್ಟುಕೊಳ್ಳೋದು ಹೇಗೆ? ಅವರ ಕಣ್ಣಿರೋದು ಮೇಲೆ, ಗಿಗಾಹರ್ಟ್ಜ್‌ಗಳ ಮೇಲೆ. ಅಲ್ಲಿ ಏಟು ಬಿದ್ದಿರೋದು ನಿಜ. 2020ರಲ್ಲಿ ಅಮೆರಿಕದವರು 3.3 ರಿಂದ 3.5 ಗಿಗಾಹರ್ಟ್ಜ್‌ನ ಪಟ್ಟಿಯಿಂದ ಹ್ಯಾಮ್‌ಗಳ ಹೆಸರು ಹೊಡೆದುಹಾಕಿದರು. ಅಲ್ಲಿ ನಮ್ಮವರು ಸೆಕೆಂಡರಿ ಆಗಿದ್ದರು. ಪ್ರೈಮರಿ ಅಂದರೆ ಖಾತೆದಾರ. ಸೆಕೆಂಡರಿ ಅಂದರೆ ಕುಯ್ಲಾದ ಮೇಲೆ ಗದ್ದೆಗೆ ದನ ಬಿಡುವ ಪಕ್ಕದ ಮನೆಯವ. ಖಾತೆದಾರನಿಗೆ ತೊಂದರೆ ಕೊಡುವಂತಿಲ್ಲ, ಅವನಿಂದ ತೊಂದರೆಯಾದರೆ ಕೇಳುವಂತಿಲ್ಲ.

ಖಾತೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಅಲ್ಲ. 144 ರಿಂದ 146 ಮೆಗಾಹರ್ಟ್ಜ್ ಜಗತ್ತಿನೆಲ್ಲೆಡೆ ನಮಗೆ ಪ್ರೈಮರಿ. 2019ರಲ್ಲಿ ಫ್ರಾನ್ಸ್ ಅದನ್ನೇ ವಿಮಾನಗಳ ಬಳಕೆಗೂ ಕೊಡಬಹುದಾ ನೋಡೋಣ ಅಂತ ಯುರೋಪಿನ ಸಭೆಯಲ್ಲಿ ಇಟ್ಟಿತು. ಹ್ಯಾಮ್‌ಗಳು ಎದ್ದು ಕೂತರು. ಬ್ಯಾಂಡ್ ತುಂಬ ಜನ ಇದ್ದರು, ಕೂಗಿದರು. ಎರಡು ಮೂರು ತಿಂಗಳಲ್ಲೇ ಆ ಮಾತು ಬಿದ್ದುಹೋಯಿತು. 2023ರಲ್ಲಿ ದುಬೈನ ವಿಶ್ವ ರೇಡಿಯೋ ಸಮ್ಮೇಳನದಲ್ಲಿ 1240 ರಿಂದ 1300 ಮೆಗಾಹರ್ಟ್ಜ್‌ನದ್ದು ರಗಳೆ. ಯುರೋಪಿನ ಗೆಲಿಲಿಯೋ ಉಪಗ್ರಹಗಳ ಸಿಗ್ನಲ್ಲಿಗೆ ಹ್ಯಾಮ್‌ಗಳಿಂದ ಅಡ್ಡಿ ಅಂತ. ಬ್ಯಾಂಡ್ ಉಳಿಯಿತು, ಪವರ್ ಎಷ್ಟಿರಬೇಕು ಅನ್ನುವುದಕ್ಕೆ ಒಂದಷ್ಟು ಸೂಚನೆ ಬಂತು. ಇಂಥ ಸಭೆಗಳಲ್ಲಿ ನಮ್ಮ ಪರ ಕೂರೋದು ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಮಾತಾಡಬಹುದು, ವೋಟಿಲ್ಲ. ಆದ್ದರಿಂದ ಸಿಗೋದೂ ಚೂರು ಚೂರೇ. 2015ರಲ್ಲಿ 60 ಮೀಟರ್ ಬ್ಯಾಂಡ್ ಕೇಳಿದಾಗ ಕೊಟ್ಟಿದ್ದು 15 ಕಿಲೋಹರ್ಟ್ಜ್. ಐದು ಜನ ಮಾತಿಗೆ ಕೂತರೆ ಮನೆ ತುಂಬಿತು!

ಆದರೆ ನಮ್ಮ 7.100 ರಿಂದ 7.200 ಬಂದದ್ದು ಹೇಗೆ ಹೇಳು? ಮೊದಲು ನಮ್ಮ ಕಡೆ ಅದು ಬ್ರಾಡ್‌ಕಾಸ್ಟ್ ಕೇಂದ್ರಗಳದ್ದು. ಸಂಜೆಯಾದರೆ ಯಾವುದೋ ದೇಶದ ವಾರ್ತೆ, ಬ್ಯಾಂಡಿನ ಅಂಚಿಗೆ ಹೋದರೆ ಕಿವಿ ಕಿತ್ತುಹೋಗುತ್ತಿತ್ತು. 2003ರ ಸಮ್ಮೇಳನದಲ್ಲಿ ಅವರು ಖಾಲಿ ಮಾಡಬೇಕು ಅಂತ ತೀರ್ಮಾನವಾಯಿತು. ಗಡುವು 2009ರ ಮಾರ್ಚ್ 29. ಆರು ವರ್ಷ ಕಾಯಬೇಕಾಯಿತು. ಕಳೆದುಕೊಂಡ ಗೋಮಾಳ ವಾಪಸ್ ಸಿಕ್ಕಿದ್ದನ್ನು ಊರಲ್ಲಿ ನೀನು ಒಂದಾದರೂ ನೋಡಿದ್ದೀಯಾ? ನಮಗೆ ಸಿಕ್ಕಿದೆ. ಈಗ ಅಲ್ಲಿ ಎಷ್ಟು ದನ ಮೇಯುತ್ತಿವೆ ಅನ್ನೋದೇ ನನ್ನ ಚಿಂತೆ.

ಹಿತ್ತಲಿಂದ ಬರುವ ಕಳ್ಳ ಅಂದೆನಲ್ಲ, ಅದು ಇಲ್ಲಿದೆ ನೋಡು. ಹೋದ ಚಳಿಗಾಲದಲ್ಲಿ ನನ್ನ ರಿಗ್ಗಿನಲ್ಲಿ 40 ಮೀಟರ್ ಪೂರ್ತಿ ಬರೀ ಗರ್ರ್ ಅನ್ನುವ ಸದ್ದು. ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಮುಳ್ಳು ಎಸ್9 ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಆಂಟೆನಾ ಕೆಟ್ಟಿತೇನೋ ಅಂತ ಎರಡು ಸಲ ಇಳಿಸಿ ಹತ್ತಿಸಿದೆ. ಅದರ ಕೋಆಕ್ಸ್ ಕೇಬಲ್ ಬದಲಾಯಿಸಿದೆ. ಒಂದು ರಾತ್ರಿ ರಿಗ್ಗನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಆಫ್ ಮಾಡಿದೆ. ಮುಳ್ಳು ಎಸ್7ಕ್ಕೆ ಇಳಿಯಿತು. ಅಂದರೆ ಅರ್ಧ ಕಳ್ಳ ನಮ್ಮ ಮನೆಯಲ್ಲೇ! ಮಗಳ ಲ್ಯಾಪ್‌ಟಾಪಿನ ಅಗ್ಗದ ಚಾರ್ಜರ್. ಉಳಿದಿದ್ದು ಎಲ್ಲಿ? ಹಳೆಯ ಟ್ರಾನ್ಸಿಸ್ಟರ್ ಹಿಡಿದು ಮೆಟ್ಟಿಲಲ್ಲಿ ಮೇಲೆ ಕೆಳಗೆ ಓಡಾಡಿದೆ. ಮೂರನೇ ಮಹಡಿಯ ಎಲ್‌ಇಡಿ ಬಲ್ಬಿನ ಕೆಳಗೆ ಅದು ಜೀರುಂಡೆ ಥರ ಕಿರುಚಿತು. ಬಲ್ಬ್ ನಾನೇ ದುಡ್ಡು ಕೊಟ್ಟು ಬದಲಾಯಿಸಿದೆ. ಮುಳ್ಳು ಎಸ್5. ಆವತ್ತು ಎಷ್ಟೋ ತಿಂಗಳ ಮೇಲೆ ಮಂಗಳೂರು ಕೇಳಿಸಿತು. ಎರಡು ವಾರ ಸುಖವಾಗಿದ್ದೆ. ಆಮೇಲೆ ಹಿಂದಿನ ಕಟ್ಟಡದವರು ಸೋಲಾರ್ ಹಾಕಿಸಿದರು. ಅದರ ಇನ್ವರ್ಟರ್ ಸೂರ್ಯನ ಜೊತೆಗೇ ಏಳುತ್ತದೆ, ಸೂರ್ಯನ ಜೊತೆಗೇ ಮಲಗುತ್ತದೆ. ಅವರಿಗೆ ಏನಂತ ಹೇಳಲಿ? ಸೂರ್ಯನ ಕರೆಂಟು ಬೇಡ, ನನಗೆ ಮಂಗಳೂರು ಕೇಳಬೇಕು ಅಂತಲಾ?

2 ಮೀಟರ್ ಬ್ಯಾಂಡಿನದ್ದು, ಅಂದರೆ ಆ 144 ರಿಂದ 146ರದ್ದು, ಇನ್ನೊಂದು ಕತೆ. ಒಂದು ಭಾನುವಾರ ನಮ್ಮ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ರಿಪೀಟರ್ ಕೇಳೋಣ ಅಂತ ಹ್ಯಾಂಡ್‌ಸೆಟ್ ಹಚ್ಚಿದರೆ, 145ರ ಆಸುಪಾಸಿನಲ್ಲಿ ಒಬ್ಬ, “ಎರಡನೇ ಪಂಕ್ತಿಗೆ ಹೋಳಿಗೆ ಸಾಲಲ್ಲ, ಬೇಗ ಕಳಿಸಿ” ಅನ್ನುತ್ತಿದ್ದಾನೆ. ಯಾವುದೋ ಮದುವೆ ಛತ್ರದ ಅಡುಗೆಯವರು. ಅಗ್ಗದ ಚೀನಾ ಸೆಟ್ ತಂದಿದ್ದಾರೆ, ಬಂದ ನಂಬರಿನಲ್ಲಿ ಮಾತಾಡುತ್ತಿದ್ದಾರೆ. ಲೈಸೆನ್ಸ್ ಬೇಕು ಅನ್ನೋದೇ ಪಾಪ ಗೊತ್ತಿಲ್ಲ. ನಾನು ಅರ್ಧ ಗಂಟೆ ಕೇಳಿದೆ. ಅಷ್ಟು ಹೊತ್ತಿನಲ್ಲಿ ಒಬ್ಬನೇ ಒಬ್ಬ ಹ್ಯಾಮ್ ಬರಲಿಲ್ಲ. ಬಂದಿದ್ದರೆ ಅವರಿಗೇ ಅನುಮಾನ ಬರುತ್ತಿತ್ತು, ಯಾರದೋ ಜಾಗಕ್ಕೆ ಬಂದಿದ್ದೀವಿ ಅಂತ. ಯಾರೂ ಇಲ್ಲದ ಜಾಗ ಯಾರದ್ದು?

ನಮ್ಮವರದ್ದೂ ತಪ್ಪಿದೆ. ಪರೀಕ್ಷೆ ಪಾಸಾಗಿ ಬಂದ ಹುಡುಗ ಮೊದಲ ಸಲ ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ ಅಂತ, ಕರೆದರೆ, “ಮೋರ್ಸ್ ಕೋಡ್ ಬರುತ್ತಾ?” ಅಂತ ಕೇಳುವ ಹಿರಿಯರಿದ್ದಾರೆ. ಅವನು ಸೆಟ್ ಕಪಾಟಿಗಿಟ್ಟು ಎಫ್‌ಟಿ8 ಅನ್ನೋ ಡಿಜಿಟಲ್ ವಿಧಾನದ ಕಡೆ ಹೋಗುತ್ತಾನೆ. ಅಲ್ಲಿ ಯಾರೂ ಬೈಯಲ್ಲ, ಕಂಪ್ಯೂಟರುಗಳೇ 15 ಸೆಕೆಂಡಿಗೊಮ್ಮೆ ಮಾತಾಡಿಕೊಳ್ಳುತ್ತವೆ. ನನಗೆ ಅದು ಊಟದ ಬದಲು ಮೆನು ಓದಿದ ಹಾಗೆ. ಆದರೂ 2017ರಲ್ಲಿ ಅದು ಬಂದಮೇಲೆ ಸತ್ತಂತಿದ್ದ ಬ್ಯಾಂಡುಗಳಲ್ಲಿ ಜೀವ ಕಂಡಿದ್ದು ಸುಳ್ಳಲ್ಲ. ದನ ಅಂತೂ ಮೇಯುತ್ತಿವೆ, ಮೇಕೆಯೇ ಆಗಲಿ.

ನಿನಗೆ ಹ್ಯಾಮ್‌ಸ್ಯಾಟ್ ನೆನಪಿರಬೇಕು. 2005ರ ಮೇ 5ರಂದು ಇಸ್ರೋ ಹಾರಿಸಿದ ನಲವತ್ತು ಚಿಲ್ಲರೆ ಕಿಲೋದ ಪೆಟ್ಟಿಗೆ, ಹ್ಯಾಮ್‌ಗಳ ಉಪಗ್ರಹ. ಸಿಗ್ನಲ್ ಹಿಡಿದು ವಾಪಸ್ ಕಳಿಸುವ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ನಮ್ಮವರದ್ದು, ಇನ್ನೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿ ಮಾಡಿದ್ದು. ನಿಮ್ಮ ಅಂಗಳದಲ್ಲಿ ನಾವಿಬ್ಬರು ಅಡಿಕೆ ಒಣಗಿಸೋ ಜಾಗದಲ್ಲಿ ನಿಂತಿದ್ದೆವು. ಬಡಗಿಯ ಸ್ಟೀಲ್ ಟೇಪ್ ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿದ ಯಾಗಿ ಆಂಟೆನಾ ನಿನ್ನ ಕೈಯಲ್ಲಿ. ನಾನು ಗಡಿಯಾರ ನೋಡುತ್ತಿದ್ದೆ. ದಕ್ಷಿಣದಿಂದ ಬಂತು. 145.9ರ ಸುತ್ತ ಮೊದಲು ಸಣ್ಣ ಸಿಳ್ಳೆ, ಆಮೇಲೆ ಶ್ರೀಲಂಕಾದವನೊಬ್ಬನ ಗಂಟಲು. ಉಪಗ್ರಹದ ಓಟಕ್ಕೆ, ಅಂದರೆ ಡಾಪ್ಲರಿಗೆ, ಸ್ವರ ಜಾರುತ್ತಾ ಜಾರುತ್ತಾ ಗೂಬೆಯ ದನಿಯಾಯಿತು. ನೀನು ಯಾಗಿ ತಿರುಗಿಸುತ್ತಾ ತಿರುಗಿಸುತ್ತಾ ಬಚ್ಚಲ ಗುಂಡಿಗೆ ಕಾಲಿಟ್ಟೆ. ಎರಡು ವರ್ಷ ಬಾಳಲಿ ಅಂತ ಮಾಡಿದ್ದು ಒಂಬತ್ತು ವರ್ಷ ಬಾಳಿತು, 2014ರ ವರೆಗೆ. ಆ ಕತೆಯನ್ನು ಮೊನ್ನೆ ಪಕ್ಕದ ಫ್ಲ್ಯಾಟಿನ ಹುಡುಗನಿಗೆ ಹೇಳಿದೆ. ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನಲ್ಲಿ ಪುಟ್ಟ ಉಪಗ್ರಹದ ಪ್ರಾಜೆಕ್ಟ್ ಮಾಡುತ್ತಿದ್ದಾರಂತೆ. ಅದರ ಸಿಗ್ನಲ್ಲಿಗೆ ಹ್ಯಾಮ್ ಬ್ಯಾಂಡೇ ಬೇಕು ಅಂತ ಅವನಿಗೆ ಗೊತ್ತು. ಹ್ಯಾಮ್ ಅಂದರೆ ಮನುಷ್ಯರು ಅಂತ ಗೊತ್ತಿರಲಿಲ್ಲ. ಒಂದು ಗಂಟೆ ನನ್ನ ಶ್ಯಾಕಿನಲ್ಲಿ, ಅಂದರೆ ರೇಡಿಯೋ ಕೋಣೆಯಲ್ಲಿ, ಕೂತ. ಗರ್ರ್ ಸದ್ದಿನ ಮಧ್ಯೆ ಯಾರಾದರೂ ಸಿಗಲಿ ಅಂತ ನಾನು ಕರೆದೆ, ಕರೆದೆ. ಯಾರೂ ಬರಲಿಲ್ಲ. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮಲ್ಲಿ ಎಲ್‌ಇಡಿ ಬಲ್ಬ್ ಕಡಿಮೆ, ಕರೆಂಟೇ ಕಡಿಮೆ. ಕರೆಂಟ್ ಹೋದಾಗ ನಿನ್ನ ಮನೆಯಲ್ಲಿ ಸಿಗುವ ನಿಶ್ಶಬ್ದಕ್ಕೆ ಇಲ್ಲಿ ನಾನು ಲಕ್ಷ ಕೊಟ್ಟರೂ ಆಗದು. ಹಲಸಿನ ಮರದಿಂದ ಕೊಟ್ಟಿಗೆ ಮಾಡಿಗೆ ಒಂದು ಡೈಪೋಲ್ ಆಂಟೆನಾ ಎಳಿ. ಆ ಕಡೆ ಹತ್ತು ಮೀಟರ್, ಈ ಕಡೆ ಹತ್ತು ಮೀಟರ್. ಎತ್ತರ ಜಾಸ್ತಿ ಬೇಡ. ತಗ್ಗಿದ್ದರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ನನ್ನ ತಲೆ ಮೇಲೇ ಬೀಳುತ್ತದೆ. ಹಳೆಯ ತಂತಿ ಸಾಕು, ಮಂಗ ಎಳೆದಾಡದ ಹಾಗೆ ಕಟ್ಟು.

ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಹುಡುಗ ಮತ್ತೆ ಬರುತ್ತಾನೆ. ಅವತ್ತು ನನ್ನ ರಿಗ್ಗನ್ನು ಹೊತ್ತು ಊರಾಚೆ ಕೆರೆ ಏರಿಗೆ ಹೋಗುತ್ತೇವೆ, ಇನ್ವರ್ಟರಿನ ಕಾಟ ತಪ್ಪಲಿ ಅಂತ. 7.150ರ ಹತ್ತಿರ ಕರೆಯುತ್ತೇನೆ, ಆರು ವರ್ಷ ಕಾದು ಸಿಕ್ಕ ನೂರು ಕಿಲೋಹರ್ಟ್ಜ್‌ನ ನಟ್ಟನಡುವೆ. ಜಾಗ ಖಾಲಿ ಇಲ್ಲದಿದ್ದರೆ ಖುಷಿಪಡು, ಐದು ಕಿಲೋಹರ್ಟ್ಜ್ ಮೇಲೆ ನೋಡು.

ಮಾರೋದಿದ್ದರೆ ಸೋಮವಾರ ಮಾರು.

73 (ನಮ್ಮ ಹ್ಯಾಮ್ ಭಾಷೆಯ ಶುಭಾಶಯ),
ನಿನ್ನವನು