ಗುಂಜೂರಿಂದ ಮಂಜನಿಗೆ: ಟ್ರಂಕಲ್ಲಿ ಸಿಕ್ಕ ರಸೀದಿಗಳು

ಲೋ ಮಂಜ,

"ಊರು ಹೆಂಗಿದ್ಯೋ" ಅಂತ ಒಂದೇ ಸಾಲು ಕಳ್ಸಿದ್ದೀಯ, ಉತ್ತರ ವಾಟ್ಸಾಪಲ್ಲಿ ಹಿಡಿಯಲ್ಲ, ಅದಕ್ಕೆ ಇಲ್ಲೇ ಉದ್ದಕ್ಕೆ ಬರೀತಿದ್ದೀನಿ. ಮೊನ್ನೆ ಮನೆಗೆ ಇ-ಖಾತಾ, ಅಂದ್ರೆ ಆಸ್ತಿ ದಾಖಲೆ ಆನ್‌ಲೈನಲ್ಲಿ, ಮಾಡ್ಸೋಣ ಅಂತ ತಾತನ ಟ್ರಂಕ್ ತೆಗೆದೆ ಕಣೋ. ಅಡೀಲಿ ಗ್ರಾಮ ಪಂಚಾಯ್ತಿ ಕಂದಾಯದ ರಸೀದಿ, ಅದರ ಮೇಲೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅದೇ ಬಿಬಿಎಂಪಿದು, ಇನ್ಮುಂದೆ ಬೆಂಗಳೂರು ಪೂರ್ವ ನಗರ ಪಾಲಿಕೆದು. ಮನೆ ಇದ್ದಲ್ಲೇ ಇದೆ, ಮೇಲಿನ ಹೆಸರು ಮಾತ್ರ ಬದಲಾಗ್ತಾನೇ ಇದೆ.

ಬೆಂಗಳೂರಿನ ಈ ಪೂರ್ವದ ಕಡೆ ಚರಿತ್ರೆ ವೈಟ್‌ಫೀಲ್ಡಿನ ಟೆಕ್ ಪಾರ್ಕು ಐಟಿಪಿಎಲ್ ಇಂದ ಶುರು ಅಂದ್ಕೊಂಡಿರ್ತಾರೆ ಹೊಸಬರು. ವೈಟ್‌ಫೀಲ್ಡೇ 1882ರದ್ದು, ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ವ್ಯವಸಾಯ ಮಾಡ್ಕೊಳ್ಳಿ ಅಂತ ಜಮೀನು ಕೊಟ್ರು, ಅವರ ಮುಂದಾಳು ಡಿ.ಎಸ್. ವೈಟ್, ಆ ಹೆಸರೇ ಊರಿಗಾಯ್ತು. ಸುತ್ತ ಇದ್ದ ನಮ್ಮಂಥ ಹಳ್ಳಿಗಳು ಆಗ್ಲೂ ರಾಗಿ, ಆಮೇಲೂ ರಾಗಿ. 1990ರ ದಶಕದಲ್ಲಿ ಐಟಿ ಬಂತು ನೋಡು, ರಾಗಿ ಹೊಲಗಳೆಲ್ಲ ಸೈಟಾದ್ವು. ಲೇಔಟಿಗೆ ಅಪ್ರೂವಲ್ ಇದ್ಯಾ ಅಂತ ಯಾರು ಕೇಳಿದ್ರು ಆಗ? ಆ ಕರ್ಮಕ್ಕೆ ಇವತ್ತೂ ಅರ್ಧ ಬೀದಿ ಬಿ ಖಾತಾ, ಅಂದ್ರೆ ಅಪ್ರೂವಲ್ ಇಲ್ಲದ ಆಸ್ತಿಗಳ ಪಟ್ಟೀಲಿ.

2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಎಲ್ಲಾ ಒಂದೇ ಪಾತ್ರೆಗೆ ಸುರಿದ್ರು. ಮಹದೇವಪುರದೋರಿಗೆ ಮೊದ್ಲೇ ನಗರಸಭೆ ಇತ್ತು, ಸ್ವಲ್ಪ ಅಭ್ಯಾಸ ಆಗಿತ್ತು. ನಾವು ಆ 110ರಲ್ಲಿ, ಪಂಚಾಯ್ತಿ ಕಟ್ಟೆಯಿಂದ ಎದ್ದು ಸೀದಾ ಮಹಾನಗರ ಪಾಲಿಕೆಗೆ ಬಿದ್ವಿ. ನಿನಗೆ ನೆನಪಿರಬೇಕು, ಅವತ್ತು ನಾವು ಬೆಂಗಳೂರೋರಾದ್ವಿ ಅಂತ ಪಟಾಕಿ ಹೊಡೆದ್ವಲ್ಲ, ಆ ಪಟಾಕಿ ದುಡ್ಡು ಇನ್ನೂ ನೀನು ಕೊಟ್ಟಿಲ್ಲ.

ನನಗೆ ಈಗ ಹೊಟ್ಟೆ ಉರಿಯೋದು ಇದಕ್ಕೇ ಕಣೋ. ಪಂಚಾಯ್ತೀಲಿ ಸುಮಾರು 400 ಜನಕ್ಕೊಬ್ಬ ಮೆಂಬರು, ಬೀದಿ ದೀಪ ಕೆಟ್ರೆ ರಾತ್ರಿ ಹತ್ತಕ್ಕೆ ಹೋಗಿ ಬಾಗ್ಲು ಬಡೀಬಹುದಿತ್ತು, ಬೈದುಕೊಂಡೇ ಲುಂಗಿ ಕಟ್ಕೊಂಡು ಬರೋರು. ಬಿಬಿಎಂಪಿಲಿ 198 ವಾರ್ಡು, 2011ರ ಜನಗಣತಿ ಲೆಕ್ಕದಲ್ಲೇ ಒಂದೊಂದಕ್ಕೆ ಸರಾಸರಿ 40 ಸಾವಿರದ ಮೇಲೆ ಜನ. ಅದೂ ಹೋಗ್ಲಿ ಅಂದ್ರೆ, 2010, 2015 ಎರಡು ಚುನಾವಣೆ ಆಯ್ತು, 2020ರ ಸೆಪ್ಟೆಂಬರಿಗೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. ಯಾರ ಬಾಗ್ಲು ಬಡೀಲಿ ಹೇಳು, ದೂರು ಹಾಕೋ ಆ್ಯಪಿಗೆ ಬಾಗ್ಲೆಲ್ಲಿದೆ?

2025ರ ಸೆಪ್ಟೆಂಬರಲ್ಲಿ ಬಿಬಿಎಂಪಿನೂ ಹೋಯ್ತು, ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ ಆಯ್ತು. ನಮ್ಮೂರು ಬರೋ ಮಹದೇವಪುರ ಕ್ಷೇತ್ರದ ಕಡೆ, ಪಕ್ಕದ ಕೆ.ಆರ್. ಪುರ ಎರಡೂ ಸೇರಿ ಪೂರ್ವ ಪಾಲಿಕೆ. ಟೆಕ್ ಪಾರ್ಕುಗಳ ತೆರಿಗೆ ಇಲ್ಲೇ ಇದೆ, ದುಡ್ಡಿಗೆ ಬರ ಇಲ್ಲ ಅಂತಾರೆ, ನೋಡೋಣ. ಸಣ್ಣ ಪಾಲಿಕೆ ಆಗಿದ್ದು ಒಳ್ಳೇದೇ ಅಂತ ನನಗನ್ನಿಸುತ್ತೆ, ಆದ್ರೆ ಮೆಂಬರು ಮತ್ತೆ ಕೈಗೆ ಸಿಗೋ ಹಂಗಿರ್ಬೇಕು.

ಹಾಂ, ನೀರು. 2024ರ ಬೇಸಿಗೇಲಿ ಬೋರ್ ಬತ್ತಿ ಟ್ಯಾಂಕರಿಗೆ ಕೈ ಮುಗಿದಿದ್ದು ಫೋನಲ್ಲಿ ಹೇಳಿದ್ನಲ್ಲ. ಅದೇ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು, ಈ 110 ಹಳ್ಳಿಗಳಿಗೇ ಅಂತ, ದಿನಕ್ಕೆ 77.5 ಕೋಟಿ ಲೀಟರ್. ಪಾಲಿಕೆಗೆ ಸೇರಿದ ಹದಿನೇಳು ವರ್ಷಕ್ಕೆ! ನಮ್ಮನೆ ನೀರಿನ ಸಂಪ್‌ಗೆ ಮೊದಲ ಸಲ ನೀರು ಬಿದ್ದ ದಿನ ಅಮ್ಮ ನಲ್ಲಿಗೆ ಅರಿಶಿನ ಕುಂಕುಮ ಇಟ್ಲು. ಅಜ್ಜಿ ಒಂದು ಲೋಟ ಕುಡಿದು ಮುಖ ಸಿಂಡರಿಸಿ, "ನಮ್ಮ ಬಾವಿ ನೀರಿನ ರುಚಿ ಇಲ್ಲ ಬುಡು" ಅಂತ ಒಳಗೆ ಹೋದ್ಲು.

ಯುಗಾದಿಗೆ ಬಂದ್ಬಿಡು. ವರ್ತೂರು ಕಡೆಯಿಂದ ಬರ್ಬೇಡ, ಟ್ರಾಫಿಕ್ಕಲ್ಲಿ ಒಬ್ಬಟ್ಟು ಹಳಸಿಹೋಗುತ್ತೆ.

ನಿನ್ನ,
ಸೀನ